ಯಾವ ಪುಸ್ತಕದಿಂದ ಶುರು ಮಾಡಲಿ? ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಓದಲು ಹೊರಟವರಿಗೆ

ನಮ್ಮ ಚಿಕ್ಕಪ್ಪ ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಕಾಸರಗೋಡು ಜಿಲ್ಲೆಯ ನೀರ್ಚಾಲು ಕಡೆಯ ತೋಟದ ಮನೆಗೆ ಬಂದು ಕೂತ ವರ್ಷ, "ಓದ್ಲಿಕ್ಕೆ ಎಂತಾದರೂ ಕೊಡು ಮಾರಾಯ, ಪೇಪರು ಹತ್ತು ಗಂಟೆಗೇ ಮುಗಿಯುತ್ತದೆ" ಅಂದರು. ನಾನು ಉತ್ಸಾಹದಲ್ಲಿ ಐಸಾಕ್ ಅಸಿಮೋವ್ ಬರೆದ 'ಫೌಂಡೇಶನ್' ಕೊಟ್ಟೆ. 1951ರ ಪುಸ್ತಕ. ಸೈನ್ಸ್ ಫಿಕ್ಷನ್ ಪಟ್ಟಿ ಯಾರೇ ಮಾಡಲಿ, ಅದು ಮೇಲೆಯೇ ಇರುತ್ತದೆ. ಹದಿನೈದು ದಿನ ಬಿಟ್ಟು ಹೋದಾಗ ಪುಸ್ತಕ ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆಯ ಅಡಿಗೆ ಸೇರಿತ್ತು. "ಇದರಲ್ಲಿ ಕತೆ ಎಲ್ಲಿ ಉಂಟು? ಬರೀ ಮೀಟಿಂಗು. ನಾನು ಮೂವತ್ತು ವರ್ಷ ಮೀಟಿಂಗಲ್ಲೇ ಕೂತವ" ಅಂದರು.

ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಆ ಕತೆಯಲ್ಲಿ ಇಡೀ ಗೆಲಾಕ್ಸಿಯ ಸಾಮ್ರಾಜ್ಯ ಕುಸಿಯುತ್ತದೆ. ಆದರೆ ಅದು ನಮಗೆ ಗೊತ್ತಾಗುವುದು ಹೆಚ್ಚಾಗಿ ಕೋಣೆಯೊಳಗೆ ಕೂತವರ ಮಾತಿನಿಂದ. ನನಗೆ ಅದೇ ಇಷ್ಟ, ಅವರಿಗೆ ಅದೇ ಕಷ್ಟ. ಅವರಿಗೆ ಏನು ಹಿಡಿಸುತ್ತದೆ ಅಂತ ಕೇಳದೆ ನನಗೆ ಹಿಡಿಸಿದ್ದನ್ನು ಕೊಟ್ಟದ್ದು ನನ್ನ ತಪ್ಪು. ಊರಿನ ಗ್ರಂಥಾಲಯದಲ್ಲಿ ಭಾನುವಾರ ಸಂಜೆ ಕೂರುವವನಾದ್ದರಿಂದ ಆಮೇಲೂ ತುಂಬ ಜನರಿಗೆ ಪುಸ್ತಕ ಕೊಟ್ಟಿದ್ದೇನೆ, ಬೈಸಿಕೊಂಡೂ ಇದ್ದೇನೆ. ಅದರಿಂದ ಕಲಿತದ್ದು ಇಷ್ಟು.

1. ಆಟ ನೋಡುವಾಗ ನೀವು ಎದ್ದು ಕೂರುತ್ತಿದ್ದುದು ಯಾವಾಗ?

ನೂರು ಶ್ರೇಷ್ಠ ಪುಸ್ತಕಗಳ ಪಟ್ಟಿಯನ್ನು ಬದಿಗಿಡಿ. ಚಿಕ್ಕವರಿರುವಾಗ ರಾತ್ರಿಯಿಡೀ ಯಕ್ಷಗಾನ ನೋಡಲು ಹೋಗಿದ್ದಿರಲ್ಲ, ಚಾಪೆಯ ಮೇಲೆ ಮಲಗಿದವರು ಯಾವಾಗ ತಾನಾಗಿ ಎಚ್ಚರವಾಗುತ್ತಿದ್ದಿರಿ? ಬಣ್ಣದ ವೇಷ ತೆರೆಯ ಹಿಂದಿನಿಂದ ಅಬ್ಬರಿಸುವಾಗಲಾ? ಹನುಮಂತ ಮೈರಾವಣನನ್ನು ಹುಡುಕಿಕೊಂಡು ಪಾತಾಳಕ್ಕೆ ಹೋಗುವಾಗಲಾ? ಹಾಸ್ಯಗಾರ ಬಂದಾಗಲಾ? ಅಥವಾ ಕೃಷ್ಣ ಕೌರವರ ವಾದ ಬಿಸಿಯೇರಿದಾಗಲಾ?

ಸುಮ್ನೆ ತಮಾಷೆಗೆ ಕೇಳುತ್ತಿಲ್ಲ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ಇಲ್ಲೇ ಕುಂಬಳೆ. ಈ ಸುತ್ತಿನವರಿಗೆ ಫ್ಯಾಂಟಸಿ ಹೊಸತಲ್ಲ, ಆ ಹೆಸರು ಮಾತ್ರ ಹೊಸತು. ನಿಮ್ಮ ಉತ್ತರದಲ್ಲೇ ನಿಮ್ಮ ಮೊದಲ ಪುಸ್ತಕ ಇದೆ.

ವಾದಕ್ಕೆ ಎಚ್ಚರವಾಗುವವರು, ತಾಳಮದ್ದಳೆಯಲ್ಲಿ ಬೆಳಗಿನವರೆಗೆ ಬರೀ ಮಾತು ಕೇಳಿ ಖುಷಿಪಡುವವರು ಧೈರ್ಯವಾಗಿ 'ಫೌಂಡೇಶನ್' ಎತ್ತಿಕೊಳ್ಳಿ. ನಿಮಗೆ ಹೇಳಿ ಮಾಡಿಸಿದ ಪುಸ್ತಕ ಅದು. (ಚಿಕ್ಕಪ್ಪನಿಗೆ ತಾಳಮದ್ದಳೆಯಲ್ಲಿ ಭಾಗವತರ ಎರಡನೇ ಪದ್ಯಕ್ಕೇ ನಿದ್ದೆ. ನನಗೆ ಆಗಲೇ ಹೊಳೆಯಬೇಕಿತ್ತು.) ಹಾಸ್ಯಗಾರನಿಗೆ ಕಾಯುವವರಿಗೆ ಡಗ್ಲಾಸ್ ಆಡಮ್ಸ್ ಅವರ 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗೆಲಾಕ್ಸಿ', 1979ರದ್ದು. ಅದರಲ್ಲಿ ಬಾಹ್ಯಾಕಾಶದ ಬೈಪಾಸ್ ರಸ್ತೆಗೆ ಅಡ್ಡ ಬಂತು ಅಂತ ಭೂಮಿಯನ್ನೇ ಕೆಡವುತ್ತಾರೆ. ಹೆದ್ದಾರಿ 66 ಅಗಲವಾಗುವುದನ್ನು ಕಣ್ಣಾರೆ ಕಂಡ ತಲಪಾಡಿ, ಉಪ್ಪಳ, ಕುಂಬಳೆಯವರಿಗೆ ಇದು ಹಾಸ್ಯವೋ ವರದಿಯೋ ಅಂತ ಅನುಮಾನ ಬಂದೀತು.

2. ಪಾತಾಳ ಇಷ್ಟದವರು ಸುರಂಗದಿಂದ ಒಳಗೆ ಹೋಗಿ

ಎರಡನೇ ಸಲ ಚಿಕ್ಕಪ್ಪನಿಗೆ ಕೊಟ್ಟದ್ದು ಜೂಲ್ಸ್ ವರ್ನ್ ಬರೆದ 'ಜರ್ನಿ ಟು ದಿ ಸೆಂಟರ್ ಆಫ್ ದಿ ಅರ್ತ್'. ಫ್ರೆಂಚಿನಲ್ಲಿ ಅದು ಬಂದದ್ದು 1864ರಲ್ಲಿ. ಈ ಸಲ ಪುಸ್ತಕ ಕೈಗೆ ಕೊಟ್ಟು ಓಡಿ ಬರಲಿಲ್ಲ. ಚಾ ಕುಡಿಯುತ್ತಾ ಒಂದು ಸನ್ನಿವೇಶ ಹೇಳಿದೆ. ಒಬ್ಬ ಮುಂಗೋಪದ ಪ್ರೊಫೆಸರ್, ಅವನ ಬಂಧು ಹುಡುಗ ಆಕ್ಸೆಲ್, ದಾರಿ ತೋರಿಸಲು ಐಸ್‌ಲ್ಯಾಂಡಿನ ಹಾನ್ಸ್. ಮೂವರೂ ಆರಿದ ಅಗ್ನಿಪರ್ವತದ ಬಾಯಿಯಿಂದ ಭೂಮಿಯೊಳಗೆ ಇಳಿಯುತ್ತಾರೆ. ಒಳಗೆ ನೀರು ಮುಗಿಯುತ್ತದೆ. ಆಕ್ಸೆಲ್ ಬಿದ್ದುಕೊಂಡಿದ್ದಾನೆ. ಹಾನ್ಸ್ ಮಾತೇ ಆಡದ ಮನುಷ್ಯ. ಅವನು ಬಂಡೆಗೆ ಕಿವಿ ಇಟ್ಟು ಕೇಳುತ್ತಾನೆ. ಆಚೆ ಎಲ್ಲೋ ನೀರು ಹರಿಯುತ್ತಿದೆ. ಪಿಕಾಸಿ ಎತ್ತಿ ಬಡಿಯುತ್ತಾನೆ. ನೀರು ಚಿಮ್ಮುತ್ತದೆ. ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

ಇಲ್ಲಿಗೆ ನಿಲ್ಲಿಸಿದೆ. ಚಿಕ್ಕಪ್ಪ ಪುಸ್ತಕ ಎಳೆದುಕೊಂಡರು.

ಯಾಕೆಂದರೆ ಅವರ ತೋಟಕ್ಕೆ ನೀರು ಬರುವುದೇ ಸುರಂಗದಿಂದ. ಹೊರಗಿನವರಿಗೆ ಹೇಳುವುದಾದರೆ, ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದುಕೊಂಡು ಹೋಗಿ ಒಳಗಿನ ಒರತೆಯ ನೀರನ್ನು ಹೊರಗೆ ಹರಿಸುವುದು ನಮ್ಮ ಕಡೆಯ ಸುರಂಗ. ಒಬ್ಬ ಮನುಷ್ಯ ನುಗ್ಗುವಷ್ಟೇ ಜಾಗ. ಒಂದು ವಾರದ ಮೇಲೆ ಚಿಕ್ಕಪ್ಪನ ಫೋನು. "ಹಾನ್ಸ್ ನಮ್ಮವನೇ ಮಾರಾಯ. ನಮ್ಮ ಸುರಂಗ ತೋಡಿದವನೂ ಹಾಗೇ. ಇಡೀ ದಿನಕ್ಕೆ ನಾಲ್ಕು ಮಾತಿಲ್ಲ. ಗೋಡೆ ಮುಟ್ಟಿ, 'ಇನ್ನು ಎರಡು ಕೋಲು' ಅಂತ ಹೇಳುದು. ಎರಡೇ ಕೋಲಿಗೆ ನೀರು!"

ವರ್ನ್ ಓದುವವರು ಒಂದು ವಿಷಯ ನೋಡಿಕೊಳ್ಳಿ. 1871ರ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಹೆಸರನ್ನೇ ಬದಲಿಸಿ, ಕತೆಯನ್ನೂ ಬೇಕಾದ ಹಾಗೆ ತಿದ್ದಿದ್ದಾರೆ. ಪುಸ್ತಕ ತೆರೆದಾಗ ಪ್ರೊಫೆಸರ್ ಹೆಸರು ಹಾರ್ಡ್‌ವಿಗ್ ಅಂತ ಕಂಡರೆ ಮುಚ್ಚಿಡಿ. ಲಿಡೆನ್‌ಬ್ರಾಕ್ ಅಂತ ಇರುವುದನ್ನು ಹುಡುಕಿ.

ಇದು ಹಿಡಿಸಿದರೆ ಅವರದ್ದೇ ಕ್ಯಾಪ್ಟನ್ ನೀಮೋ ಕತೆಗೆ, 'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದಿ ಸೀ'ಗೆ ಹೋಗಿ. ಸಮುದ್ರದಡಿಯಲ್ಲಿ ಸಬ್‌ಮರೀನ್ ಓಡಿಸುವ ಈ ನೀಮೋ ಯಾರು ಅನ್ನುವುದು ಗೊತ್ತಾಗುವುದು 1875ರ 'ದಿ ಮಿಸ್ಟೀರಿಯಸ್ ಐಲ್ಯಾಂಡ್' ಕಾದಂಬರಿಯ ಕೊನೆಗೆ. ಗುಟ್ಟು ಬಿಟ್ಟುಕೊಟ್ಟೆ ಅಂತ ಬೈಯಬೇಡಿ: ಅವನು ಭಾರತದ ರಾಜಕುಮಾರ ಡಕ್ಕಾರ್, ಬುಂದೇಲ್‌ಖಂಡದವನು. ವರ್ನ್ ಅವನನ್ನು ಟಿಪ್ಪು ಸುಲ್ತಾನನ ನಂಟನಾಗಿ ಮಾಡಿದ್ದಾರೆ. ಇದನ್ನು ಓದಿದ ಮೇಲೆ ಬೇಕಲ ಕೋಟೆಯ ಮೇಲೆ ನಿಂತು ಕಡಲು ನೋಡಿದರೆ ಒಂದು ಸಲವಾದರೂ ಅವನ ಸಬ್‌ಮರೀನ್ ನಾಟಿಲಸ್ ಹುಡುಕುತ್ತೀರಿ. ನಾನಂತೂ ಹುಡುಕಿದ್ದೇನೆ.

ಪಾತಾಳವೇ ಆಕಾಶದಲ್ಲಿ ತೇಲಿ ಬಂದರೆ? ಅದು ಆರ್ಥರ್ ಸಿ. ಕ್ಲಾರ್ಕ್ ಅವರ 'ರಾಂದೆವೂ ವಿತ್ ರಾಮ', 1973. ಸೌರಮಂಡಲದೊಳಗೆ ಒಂದು ದೊಡ್ಡ ಸಿಲಿಂಡರ್ ಬರುತ್ತದೆ. ಗ್ರೀಕ್, ರೋಮನ್ ದೇವರ ಹೆಸರು ಮುಗಿದದ್ದರಿಂದ ಖಗೋಳದವರು ಹಿಂದೂ ದೇವರ ಹೆಸರಿಗೆ ಬಂದಿದ್ದಾರೆ, ಹಾಗಾಗಿ ಅದಕ್ಕೆ 'ರಾಮ' ಅಂತ ಹೆಸರು. ಉದ್ದ 50 ಕಿಲೋಮೀಟರ್, ಅಡ್ಡಳತೆ 20. ಅಂಕಿ ಓದಿದರೆ ಏನೂ ಅನಿಸುವುದಿಲ್ಲ. ಹೀಗೆ ಯೋಚಿಸಿ: ಕಾಸರಗೋಡು ಬಸ್‌ಸ್ಟ್ಯಾಂಡಿನಿಂದ ಮಂಗಳೂರಿನವರೆಗಿನ ಇಡೀ ದಾರಿ ಒಂದು ಕೊಳವೆಯೊಳಗಿದೆ. ಆ ಕೊಳವೆ ತಿರುಗುತ್ತಿದೆ. ಸುತ್ತಲಿನ ಗೋಡೆಯೇ ನೆಲ. ಕತ್ತೆತ್ತಿ ನೋಡಿದರೆ ತಲೆಯ ಮೇಲೂ ನೆಲ, ನಡುವೆ ಬಳೆಯ ಹಾಗೆ ಸುತ್ತಿಕೊಂಡ ಸಮುದ್ರ. ಅದರ ನೀರು ಕೆಳಗೆ ಬೀಳುವುದಿಲ್ಲ! ಯಾಕೆ ಬೀಳುವುದಿಲ್ಲ ಅನ್ನುವುದನ್ನು ಕ್ಲಾರ್ಕ್ ಎಷ್ಟು ಸಲೀಸಾಗಿ ತಿಳಿಸುತ್ತಾರೆ ಅಂದರೆ ಪಿಯುಸಿ ಫಿಸಿಕ್ಸ್ ಮೇಲಿನ ಸಿಟ್ಟು ಹೋಗುತ್ತದೆ. ಪಾತ್ರಗಳು ಮಾತ್ರ ಒಣ ಒಣ. ಅದನ್ನು ಮೊದಲೇ ಹೇಳಿ ಕೊಡುತ್ತೇನೆ.

3. ದಪ್ಪದ್ದಕ್ಕೆ ಮೊದಲು ಒಂದು ಸಣ್ಣ ಕತೆ

ಇದು ಹಿಡಿಸುವ ಬಗೆಯೋ ಅಲ್ಲವೋ ಅಂತ ತಿಳಿಯಲು ನಾನೂರು ಪುಟ ಬೇಕಾಗಿಲ್ಲ. ಒಂದು ಸಂಜೆ ಸಾಕು.

2019ರ ಡಿಸೆಂಬರ್ 26ರಂದು ಬೆಳಿಗ್ಗೆ ನಮ್ಮ ಜಿಲ್ಲೆಯಲ್ಲಿ ಕಂಕಣ ಗ್ರಹಣ ಆಯಿತಲ್ಲ? ಚೆರುವತ್ತೂರಿಗೆ ಎಲ್ಲಿಂದೆಲ್ಲಿಂದಲೋ ಜನ ಬಂದಿದ್ದರು. ಒಂಬತ್ತೂವರೆ ಹೊತ್ತಿಗೆ ಬಿಸಿಲು ಮಂಕಾಗಿ, ಅಂಗಳಕ್ಕೆ ಇಳಿಯಬೇಡಿ ಅಂತ ಒಳಗಿನಿಂದ ಹಿರಿಯರು ಕರೆಯುತ್ತಿದ್ದರು. ಅದನ್ನು ನೆನಪಿಟ್ಟುಕೊಂಡು ಅಸಿಮೋವ್ ಅವರ 1941ರ ಕತೆ 'ನೈಟ್‌ಫಾಲ್' ಓದಿ. ಆರು ಸೂರ್ಯರಿರುವ ಲೋಕ. ಅಲ್ಲಿ ಕತ್ತಲಾಗುವುದು 2049 ವರ್ಷಕ್ಕೊಮ್ಮೆ. ಆ ಕತ್ತಲೆ ಇವತ್ತು ಸಂಜೆಯೇ ಬರಲಿದೆ. ಕತೆ ಅಷ್ಟೇ. ಓದಿ ಮುಗಿಸಿದ ಮೇಲೆ ಕರೆಂಟು ಹೋದರೆ ಎದೆ ಸ್ವಲ್ಪ ಜೋರಾಗಿಯೇ ಬಡಿಯುತ್ತದೆ.

ಇನ್ನೊಂದು, ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಬರೆದ 'ಸುಲ್ತಾನಾಸ್ ಡ್ರೀಮ್'. 1905ರಲ್ಲಿ ಮದ್ರಾಸಿನ ಒಂದು ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲೇ ಬಂತು. ಗಂಡಸರು ಪರದೆಯೊಳಗೆ, ಹೆಂಗಸರು ಹೊರಗೆ. ಬಿಸಿಲಿನ ಶಾಖದಿಂದ ಅಡುಗೆ, ಆಕಾಶದಲ್ಲಿ ಹಾರುವ ವಾಹನ. ಸೋಲಾರ್ ಅನ್ನುವ ಮಾತೇ ನಮ್ಮ ಮನೆಗಳಿಗೆ ಬರದ ಕಾಲದಲ್ಲಿ ಬರೆದದ್ದು! ಇಪ್ಪತ್ತು ನಿಮಿಷದಲ್ಲಿ ಓದಬಹುದು. ಗ್ರಂಥಾಲಯದಲ್ಲಿ ಗಟ್ಟಿಯಾಗಿ ಓದಿದ ದಿನ ಹೆಂಗಸರು ನಕ್ಕದ್ದು ನಕ್ಕದ್ದೇ. ಗಂಡಸರಲ್ಲಿ ಇಬ್ಬರು ವಾಚು ನೋಡಿಕೊಂಡರು.

4. ವೇಷಕ್ಕೆ ಎದ್ದು ಕೂರುವವರಿಗೆ ಅರ್ತ್‌ಸೀ

ನನ್ನನ್ನು ಒಂದೇ ಒಂದು ಫ್ಯಾಂಟಸಿ ಹೇಳು ಅಂದರೆ ಉರ್ಸುಲಾ ಕೆ. ಲೆಗ್ವಿನ್ ಅವರ 'ಎ ವಿಜರ್ಡ್ ಆಫ್ ಅರ್ತ್‌ಸೀ' ಅನ್ನುತ್ತೇನೆ. 1968ರಲ್ಲಿ ಬಂತು. ಇನ್ನೂರು ಪುಟದ ಆಸುಪಾಸು. ಆಡು ಕಾಯುವ, ತಾಮ್ರದ ಮೈಬಣ್ಣದ ಹುಡುಗ ಮಂತ್ರ ಕಲಿಯುತ್ತಾನೆ, ಜಂಬದಿಂದ ಒಂದು ಕೆಟ್ಟದ್ದನ್ನು ಲೋಕಕ್ಕೆ ಬಿಡುತ್ತಾನೆ. ಆಮೇಲೆ ಅದು ಅವನ ಬೆನ್ನು ಹತ್ತುತ್ತದೆ.

ಆ ಲೋಕದಲ್ಲಿ ಎಲ್ಲರಿಗೂ ಎರಡು ಹೆಸರು. ಕರೆಯಲು ಒಂದು, ನಿಜದ್ದು ಇನ್ನೊಂದು. ನಿಜ ಹೆಸರು ಗೊತ್ತಾದರೆ ಆ ಮನುಷ್ಯ ನಿಮ್ಮ ಕೈಯೊಳಗೆ. ನಮ್ಮಲ್ಲಿ ಮನೆಯಲ್ಲಿ ಪುಟ್ಟ, ಶಾಲೆಯ ರಿಜಿಸ್ಟರಿನಲ್ಲಿ ಬೇರೆ. ಒಂಬತ್ತನೇ ಕ್ಲಾಸಿನ ನನ್ನ ಅಕ್ಕನ ಮಗಳು ಇದನ್ನು ಓದಿದ ವಾರ ತನ್ನ ಶಾಲೆಯ ಹೆಸರನ್ನು ಯಾರಿಗೂ ಹೇಳಲಿಲ್ಲ. ಗ್ಯಾಸಿನವನು ಕೇಳಿದರೂ ಇಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಬೇರೆ ಜಾಗ. ಆ ಮಂತ್ರ ಕಲಿತ ಹುಡುಗ ಗಿಡುಗನಾಗಿ ಹಾರಿ ತಪ್ಪಿಸಿಕೊಳ್ಳುತ್ತಾನೆ. ಆದರೆ ಹಾರಿ ಹಾರಿ ತಾನು ಮನುಷ್ಯ ಅನ್ನುವುದೇ ಮರೆಯುತ್ತಾ ಬರುತ್ತದೆ. ಜಾಸ್ತಿ ಹೊತ್ತು ಒಂದು ರೂಪದಲ್ಲಿದ್ದರೆ ವಾಪಸು ಬರಲಾಗುವುದಿಲ್ಲ. ಅಕ್ಕನ ಮಗಳು ಅಲ್ಲಿಗೆ ಬಂದಾಗ ಪುಸ್ತಕ ಕೆಳಗಿಟ್ಟು, "ಮಾವ, ಇವನು ವಾಪಸ್ ಬರ್ತಾನಾ?" ಅಂತ ಕೇಳಿದಳು. ಕಳಿಯಾಟ, ಅಂದರೆ ತೆಯ್ಯಂ ಕಟ್ಟುವ ಹಬ್ಬ, ನೋಡಿದ ಮಗು ಅದು. ತೆಯ್ಯಂ ಅನ್ನುವ ದೈವದ ವೇಷ ಕಟ್ಟಿದವರು ಕೈಗನ್ನಡಿಯಲ್ಲಿ ಮುಖ ನೋಡಿಕೊಂಡ ಮೇಲೆ ಬೇರೆಯೇ ಆಗಿಬಿಡುತ್ತಾರೆ. ಬೆಳಿಗ್ಗೆ ಅದೇ ಮನುಷ್ಯ ಬಣ್ಣ ತೊಳೆದು ಹೋಟೆಲಿನಲ್ಲಿ ಚಾ ಕುಡಿಯುವಾಗ ನಾವು ಮಕ್ಕಳು ದೂರ ನಿಂತು ನೋಡುತ್ತಿದ್ದೆವು. ನಮ್ಮ ಪ್ರಶ್ನೆಯೂ ಅದೇ ಆಗಿತ್ತು. ಅವಳಿಗೆ ಉತ್ತರ ಹೇಳಲಿಲ್ಲ. ಓದು ಅಂದೆ.

5. ಇಂಗ್ಲಿಷಿಗೆ ಹೆದರುವವರು ಹೀಗೆ ಮಾಡಿ

ನಾನು ಕನ್ನಡ ಮಾಧ್ಯಮದವನು. ಕಾಲೇಜಿನಲ್ಲಿ ಎಚ್.ಜಿ. ವೆಲ್ಸ್ ಅವರ 'ದಿ ಟೈಮ್ ಮೆಶಿನ್' (1895) ಓದುವಾಗ 'ಮೊರ್ಲಾಕ್' ಅನ್ನುವ ಪದವನ್ನು ಡಿಕ್ಷನರಿಯಲ್ಲಿ ಅರ್ಧ ಗಂಟೆ ಹುಡುಕಿದ್ದೇನೆ. ಅದು ವೆಲ್ಸ್ ಕಟ್ಟಿದ ಪದ, ನೆಲದಡಿಯಲ್ಲಿ ಬದುಕುವ ಒಂದು ಜನಕ್ಕೆ ಇಟ್ಟ ಹೆಸರು. ಈ ಬಗೆಯ ಪುಸ್ತಕದಲ್ಲಿ ಇರುವ ಒಂದು ಸಮಾಧಾನ ಇದು. ನಿಮಗೆ ಅರ್ಥವಾಗದ ಪದ ಲಂಡನ್ನಿನವರಿಗೂ ಅರ್ಥವಾಗಿರುವುದಿಲ್ಲ. ಇಪ್ಪತ್ತು ಪುಟ ಕಾಯಿರಿ. ಕತೆಯೇ ಹೇಳುತ್ತದೆ.

ಬುಕ್‌ಮಾರ್ಕಿಗೆ ಒಂದು ರಟ್ಟು ಇಟ್ಟುಕೊಂಡು ಅದರ ಮೇಲೆ ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ: ಯಾರು, ಯಾರಿಗೆ ಏನಾಗಬೇಕು, ಇಷ್ಟೇ. ಮುಂದೆ ಮ್ಯಾಪ್ ಇದ್ದರೆ ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ, ಹಿಂದೆ ಮುಂದೆ ತಿರುವುವುದು ತಪ್ಪುತ್ತದೆ. ವೆಲ್ಸ್, ವರ್ನ್ ಪುಸ್ತಕಗಳನ್ನು ಓದಿ ಹೇಳುವ ಆಡಿಯೋ ಲಿಬ್ರಿವಾಕ್ಸ್ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತದೆ. ಕಿವಿಗೆ ಹಾಕಿಕೊಂಡು ಕಣ್ಣಿನಲ್ಲಿ ಓದಿದರೆ ಉದ್ದ ವಾಕ್ಯವೂ ದಾಟುತ್ತದೆ. ನಲವತ್ತು ಪುಟವಾದರೂ ಎಳೆಯದಿದ್ದರೆ ಬಿಟ್ಟುಬಿಡಿ, ನಾಚಿಕೆ ಬೇಡ.

6. ದೊಡ್ಡ ಪರ್ವತಗಳು ಆಮೇಲೆ

ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' (1954-55) ಮೊದಲು ಹಿಡಿಯಬೇಡಿ. ಮೊದಲು 'ದಿ ಹಾಬಿಟ್', 1937ರದ್ದು. ಹದಿಮೂರು ಕುಳ್ಳರ ಹೆಸರು ಕಂಡು ಗಾಬರಿಯಾಗಬೇಡಿ, ಥೋರಿನ್ ಒಬ್ಬ ನೆನಪಿದ್ದರೆ ಸಾಕು, ಉಳಿದವರು ಕೋಡಂಗಿಗಳ ಹಾಗೆ ಬಂದು ಹೋಗುತ್ತಾರೆ. ಐದನೇ ಅಧ್ಯಾಯದಲ್ಲಿ ಕತ್ತಲೆ ಗುಹೆಯಲ್ಲಿ ಒಗಟಿನ ಪಂದ್ಯ ಇದೆ. ಸೋತರೆ ಪ್ರಾಣ ಹೋಗುತ್ತದೆ. ಅದನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ, ಪ್ರತಿ ಒಗಟಿಗೂ ನಿಲ್ಲಿಸಿ. ಆಮೇಲೆ ದೊಡ್ಡದಕ್ಕೆ ಹೋದಾಗ ಮುನ್ನುಡಿಯಂತಿರುವ, ಹಾಬಿಟ್ ಅನ್ನುವ ಜನರ ಪುರಾಣವನ್ನು ಹಾರಿಸಿ ಮೊದಲ ಅಧ್ಯಾಯಕ್ಕೆ ಹೋಗಿ. ಎಲ್ರಾಂಡ್ ಕರೆದ ಸಭೆ ಮಾತ್ರ ಬಹಳ ಉದ್ದ. ಚಿಕ್ಕಪ್ಪನಂಥವರು ಎಚ್ಚರ.

ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' (1965) ಕೊನೆಯಲ್ಲಿ ಪದಗಳ ಪಟ್ಟಿ ಇದೆ, ಅಲ್ಲಿ ಒಂದು ಬೆರಳು ಇಟ್ಟುಕೊಂಡೇ ಓದಿ. ಚೀನಾದ ಲಿಯು ಸಿಶಿನ್ ಅವರ 'ದಿ ತ್ರೀ ಬಾಡಿ ಪ್ರಾಬ್ಲಮ್' ವಿಜ್ಞಾನ ಓದಿದವರಿಗೆ. ಆಕ್ಟೇವಿಯಾ ಬಟ್ಲರ್ ಅವರ 'ಕಿಂಡ್ರೆಡ್' (1979) ದೊಡ್ಡವರಿಗೆ ಮಾತ್ರ. 1976ರ ಕಪ್ಪು ಹೆಂಗಸೊಬ್ಬಳು ಇದ್ದಕ್ಕಿದ್ದಂತೆ ಗುಲಾಮಗಿರಿಯ ಕಾಲಕ್ಕೆ ಹೋಗಿ ಬೀಳುತ್ತಾಳೆ. ಅದನ್ನು ರಾತ್ರಿ ಶುರು ಮಾಡಬೇಡಿ.

7. ಕನ್ನಡದಲ್ಲೇ ಬೇಕು ಅನ್ನುವವರಿಗೆ

ಅಂಗಡಿಯ ಕಪಾಟಿನಲ್ಲಿ 'ಫ್ಯಾಂಟಸಿ' ಅಂತ ಬೋರ್ಡು ಹುಡುಕಿದರೆ ಸಿಗುವುದಿಲ್ಲ. ಬೇರೆ ಹೆಸರಿನಲ್ಲಿ ಇವೆ. ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' (1968) ಜ್ಞಾನಪೀಠ ಬಂದ ಪುಸ್ತಕ ಅಂತ ಹೆದರಿ ಬಿಟ್ಟವರಿದ್ದಾರೆ. ಅದರಲ್ಲಿ ಅಜ್ಜಿ ಒಂದು ಹಳೆಯ ವಸ್ತುವನ್ನು ಮುಟ್ಟಿದರೆ ಅದರ ಹಿಂದಿನ ಕಾಲ ಕಣ್ಣಿಗೆ ಕಾಣುತ್ತದೆ. ಇದಕ್ಕಿಂತ ಒಳ್ಳೆಯ ಟೈಮ್ ಮೆಶಿನ್ ಬೇಕಾ? ಯಂತ್ರ ಇಲ್ಲ, ಪೆಟ್ರೋಲ್ ಇಲ್ಲ, ಜಗಲಿಯಿಂದ ಏಳಬೇಕಾಗಿಲ್ಲ.

ತೇಜಸ್ವಿಯವರ 'ಕರ್ವಾಲೋ' (1980) ಸೈನ್ಸ್ ಫಿಕ್ಷನ್ ಅಲ್ಲ ಅಂತ ನನ್ನ ಜೊತೆ ಜಗಳ ಆಡಿದವರಿದ್ದಾರೆ. ಆಡಲಿ. ವಿಜ್ಞಾನದ ಬೆರಗನ್ನು ಕತೆಯಾಗಿ ಕೊಡುವುದರಲ್ಲಿ ಕನ್ನಡದಲ್ಲಿ ಅದರ ಮುಂದೆ ನಿಲ್ಲುವುದು ಕಡಿಮೆ. ಹಾರುವ ಓತಿಯ ಹುಡುಕಾಟ ಅದು. ಓದಿ, ಆಮೇಲೆ ಅಡಿಕೆ ತೋಟಕ್ಕೆ ಹೋಗಿ ಸುಮ್ಮನೆ ನಿಲ್ಲಿ. ಗಂಟಲ ಕೆಳಗಿನ ಹಳದಿ ಚೀಲವನ್ನು ಬಿಚ್ಚಿ ಮುಚ್ಚಿ ಮಾಡುತ್ತಾ ಮರಕ್ಕೆ ಅಂಟಿಕೊಂಡ ಒಂದು ನಿಮ್ಮ ತೋಟದಲ್ಲೂ ಇದ್ದೀತು. ದಿನಾ ಅದರ ಅಡಿಯಲ್ಲೇ ಓಡಾಡಿರುತ್ತೀರಿ.

ದೇವುಡು ಅವರ 'ಮಹಾಬ್ರಾಹ್ಮಣ', 'ಮಹಾಕ್ಷತ್ರಿಯ' ಭಾಷೆ ಬಿಗಿ, ಆದರೆ ವಿಶ್ವಾಮಿತ್ರ ಮತ್ತು ನಹುಷರ ಕತೆಯನ್ನು ಅಷ್ಟು ದೊಡ್ಡ ಕಲ್ಪನೆಯಲ್ಲಿ ಕಟ್ಟಿದ್ದಾರೆ. ರಾಜಶೇಖರ ಭೂಸನೂರಮಠರ ವಿಜ್ಞಾನ ಕತೆಗಳು ಹಳೆ ಪುಸ್ತಕದ ಅಂಗಡಿಯಲ್ಲಿ ಕಂಡರೆ ಚೌಕಾಸಿ ಮಾಡದೆ ತನ್ನಿ. ಮಲೆಯಾಳ ಓದಲು ಬರುವವರಿಗೆ ಕೊಟ್ಟಾರತ್ತಿಲ್ ಶಂಕುಣ್ಣಿಯವರ 'ಐತಿಹ್ಯಮಾಲ' ಇದೆ. ಯಕ್ಷಿಯರು, ಮಂತ್ರವಾದಿಗಳು, ಕಡಮಟ್ಟತ್ತ್ ಕತ್ತನಾರ್ ಎಂಬ ಮಾಟ ಬಲ್ಲ ಪಾದ್ರಿ. ಎರಡು ಭಾಷೆಯ ಗಡಿಯಲ್ಲಿರುವುದಕ್ಕೆ ಇಷ್ಟಾದರೂ ಲಾಭ ಬೇಡವೇ?

8. ತರಿಸುವಾಗ ನೋಡಿಕೊಳ್ಳಿ

ನಮ್ಮ ದೇಶದಲ್ಲಿ ಲೇಖಕರು ತೀರಿ 60 ವರ್ಷವಾದ ಮೇಲೆ ಪುಸ್ತಕದ ಕಾಪಿರೈಟ್ ಹಕ್ಕು ಮುಗಿಯುತ್ತದೆ. ವರ್ನ್ ತೀರಿದ್ದು 1905ರಲ್ಲಿ, ರೊಕೆಯಾ 1932ರಲ್ಲಿ, ವೆಲ್ಸ್ 1946ರಲ್ಲಿ. ಇವರ ಮೂಲ ಪುಸ್ತಕಗಳಿಗೆ ದುಡ್ಡು ಕೊಡಬೇಕಾಗಿಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗಿನಂಥ, ಬಿಟ್ಟಿ ಪುಸ್ತಕದ ವೆಬ್‌ಸೈಟುಗಳಲ್ಲಿ ನೋಡಿ. ಟೋಲ್ಕಿನ್ (1973), ಲೆಗ್ವಿನ್ (2018) ಹಾಗಲ್ಲ. ಅವರದ್ದು ಕೊಂಡೇ ಓದಬೇಕು, ಇಲ್ಲವೇ ಗ್ರಂಥಾಲಯ. ಕೇರಳದಲ್ಲಿ ಇರುವ ನಮಗೆ ಊರೂರಿಗೆ ಗ್ರಂಥಾಲಯ ಇದೆ. ಬೇಕಾದ ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಿ. ಕೇಳುವವರಿಲ್ಲದೆ ಕನ್ನಡದ ಕಪಾಟು ಬೆಳೆಯುವುದಿಲ್ಲ.

ಒಮ್ಮೆ ಮೊಬೈಲಿನಲ್ಲಿ ಅರ್ಧಕ್ಕಿಂತ ಕಡಿಮೆ ಬೆಲೆ ಕಂಡು 'ಡ್ಯೂನ್' ತರಿಸಿದೆ. 192ನೇ ಪುಟದ ನಂತರ ಸೀದಾ 225. ಆಮೇಲೆ ಮತ್ತೆ 161! ಕಳ್ಳ ಪ್ರಿಂಟು. ದುಡ್ಡು ಕೊಡುವ ಮೊದಲು ಒಳಪುಟದ ಫೋಟೋ ಕೇಳಿ, ಪ್ರಕಾಶಕರ ಹೆಸರು, ಮುದ್ರಣದ ವರ್ಷ ಇದೆಯಾ ನೋಡಿ. ಮಂಗಳೂರಿನ ಹಳೆ ಪುಸ್ತಕದ ಅಂಗಡಿಗೆ ಹೋದರೆ ಪುಟ ಸಂಖ್ಯೆಯನ್ನು ನಡುವೆ ಎರಡು ಕಡೆ ತಿರುವಿ ನೋಡಿ. ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ.

9. ಕೊಟ್ಟದ್ದನ್ನು ಬರೆದಿಡಿ

ಜೂನ್ ಬಂತೆಂದರೆ ನಮ್ಮ ಕಡೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಗೋಡೆಗೆ ತಾಗಿಸಿ ಇಡಬೇಡಿ. ಒಣ ಬಟ್ಟೆಯಲ್ಲಿ ವಾರಕ್ಕೊಮ್ಮೆ ಒರೆಸಿ. ಅದಕ್ಕಿಂತ ಒಳ್ಳೆಯ ಉಪಾಯ ಅಂದರೆ ಮಳೆಗಾಲಕ್ಕೆ ಮೊದಲು ಓದುವವರ ಮನೆಗೆ ಕಳಿಸಿಬಿಡುವುದು. ಯಾರ ಕೈಯಲ್ಲಿ ಇದೆಯೋ ಅವರು ಒರೆಸಲಿ. ಆದರೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನ ಅರ್ತ್‌ಸೀ ಪೆರ್ಲದ ಕಡೆ ಯಾರದ್ದೋ ಮನೆಯಲ್ಲಿದೆ, ಯಾರ ಮನೆ ಅಂತ ಗೊತ್ತಿಲ್ಲ. ಅದನ್ನು ಬರೆದಿಟ್ಟಿರಲಿಲ್ಲ. ಬರೆದಿಟ್ಟ ಸಾಲು ಇದು: 'ಚಿಕ್ಕಪ್ಪ, ರಾಮ, ವಿಷುವಿನ ಮರುದಿನ'. ಮೊನ್ನೆ ಕೇಳಿದೆ. "ಸಮುದ್ರ ತಲೆ ಮೇಲೆ ಬಂತು, ಈಗ ಕೇಳ್ಬೇಡ" ಅಂದು ಫೋನ್ ಇಟ್ಟರು.